ಸರ್ ಎನ್ನಬಾರದ ಯಜಮಾನರು

ದೊಡ್ಡವರನ್ನು ಕರೆಯುವುದೆಂದರೆ ನನಗೆ ಚಿಕ್ಕಂದಿನಿಂದಲೂ ಹೆದರಿಕೆ. ಕೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ. ಏನೆಂದು ಕರೆದು ಕೇಳಲಿ ಎಂಬಲ್ಲಿ ಅದು ನಿಂತುಬಿಡುತ್ತದೆ. ದುಬೈಗೆ ಬಂದ ಮೇಲೆ ಈ ಕಾಯಿಲೆಗೊಂದು ಮದ್ದು ಸಿಕ್ಕಿತ್ತು. ಇಲ್ಲಿ ‘ಸರ್’ ಎಂದರೆ ಮುಗಿಯಿತು. ಬ್ಯಾಂಕಿನವರೂ ಸರ್, ವಾಚ್‌ಮನ್ನೂ ಸರ್. ಅಲ್ ನಹ್ದಾದ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಒಮ್ಮೆ ಗಡಿಬಿಡಿಯಲ್ಲಿ ಗಂಡನಿಗೇ ಸರ್ ಎಂದುಬಿಟ್ಟಿದ್ದೆ. ಆ ವಾರವೆಲ್ಲ ಅವರ ನಡಿಗೆಯೇ ಬೇರೆಯಾಗಿತ್ತು. ಆ ಒಂದೇ ಊರುಗೋಲು ಹಿಡಿದು ನಡೆಯುತ್ತಿದ್ದವಳ ಕೈಯಿಂದ ಅದನ್ನು ಕಿತ್ತುಕೊಂಡವರು ಸ್ಕಾಟ್‌ಲೆಂಡಿನ ಒಬ್ಬ ಯಜಮಾನರು.

ಸಿಲಿಕಾನ್ ಓಯಸಿಸ್‌ನಲ್ಲಿರುವ ನಮ್ಮ ಕಂಪನಿಗೆ ಸ್ಕಾಟ್‌ಲೆಂಡಿನಲ್ಲೊಂದು ಪಾಲುದಾರ ಕಂಪನಿ ಇದೆ. ಅದರ ಅಧ್ಯಕ್ಷರು ಹೆಂಡತಿಯ ಜೊತೆ ಬರುವವರಿದ್ದರು. ಅವರನ್ನು ಹೋಟೆಲಿನಿಂದ ಆಫೀಸಿಗೆ ಕರೆತರುವ, ಸಂಜೆಯ ಔತಣದಲ್ಲಿ ವೇದಿಕೆಗೆ ಕರೆಯುವ ಕೆಲಸ ನನಗೆ ಬಂತು. ಮ್ಯಾನೇಜರ್ ಫ್ರಾನ್ಸಿಸ್ ಮಂಗಳೂರಿನವರು. ನನ್ನನ್ನು ಎದುರು ಕೂರಿಸಿಕೊಂಡು, ಬರುವವರು ಒಂದು ಹಳೆಯ ಕುಲದ ಮುಖ್ಯಸ್ಥರೆಂದೂ, ಅಂಥವರನ್ನು ಅವರ ನೆಲದ ಹೆಸರಿನಿಂದಲೇ ಕರೆಯುವುದು ಆ ದೇಶದ ಪದ್ಧತಿಯೆಂದೂ ವಿವರಿಸಿದರು.

“ಸರ್ ಹೇಳ್ಬೇಡಿ, ಮಿಸ್ಟರ್ ಹೇಳ್ಬೇಡಿ. ಬರೀ ಗ್ಲೆನ್‌ಟಾರಿ. ಮರ್ಯಾದೆ ಅಂತ ನಾವು ಎಂತಾದ್ರೂ ಸೇರಿಸಿದ್ರೆ ಅದೇ ಅವಮರ್ಯಾದೆ ಅಂತೆ ಮಾರಾಯ್ರೆ.”

ಯೋಚಿಸಿದರೆ ಇದು ನನಗೆ ತೀರ ಹೊಸದಲ್ಲ. ಕಾಪು ಕಡೆಯ ನಮ್ಮೂರಿನಲ್ಲೂ ಗುತ್ತಿನ, ಎಂದರೆ ಊರಿನ ಹಿರಿಮನೆಯ, ಯಜಮಾನರಿಗೆ ಸ್ವಂತ ಹೆಸರಿದ್ದದ್ದು ಯಾರಿಗೂ ನೆನಪಿರುತ್ತಿರಲಿಲ್ಲ. ಮನೆಯ ಹೆಸರೇ ಅವರ ಹೆಸರು. ಭೂತಾರಾಧನೆಯ ನೇಮದ ದಿನ ದೈವ ನುಡಿ ಕೊಡುವಾಗ ಒಂದೊಂದು ಮನೆತನವನ್ನೂ ಅದರ ಹೆಸರು ಹಿಡಿದು, ಅದರ ಸರದಿಯಲ್ಲೇ ಕರೆಯಬೇಕು. ಸರದಿ ತಪ್ಪಿತೆಂದು ಮಾತು ಬಿಟ್ಟ ಮನೆಗಳನ್ನು ನಾನು ಬಲ್ಲೆ. ಆದರೆ ಹಾಗೆ ಕರೆಯುವ ಅಧಿಕಾರ ದೈವಕ್ಕಿತ್ತು. ನಾವು ಮಕ್ಕಳು ಯಜಮಾನರು ಎದುರಾದರೆ ಕರೆಯುವ ಪ್ರಸಂಗವೇ ಬಾರದಂತೆ ತೆಂಗಿನ ಮರದ ಮರೆಗೆ ಸರಿಯುತ್ತಿದ್ದೆವು. ಈಗ ದೈವದ ಕೆಲಸ ನನ್ನ ತಲೆಗೆ ಬಂದಿತ್ತು, ಕಾಲಿಗೆ ದೈವದ ಗಗ್ಗರದ ಗೆಜ್ಜೆಯೂ ಇಲ್ಲದೆ.

ನಗುವವರು ನಗಬಹುದು. ಆಗ ನನ್ನ ಪ್ರೊಬೇಷನ್ ಮುಗಿದಿರಲಿಲ್ಲ. ಗಂಡನ ಕೆಲಸ ಹೋಗಿ, ಅವರದೂ ಮಗಳದೂ ವೀಸಾ ನನ್ನ ವೀಸಾಕ್ಕೆ ಜೋತುಬಿದ್ದಿತ್ತು. ಅತಿಥಿಯೊಬ್ಬರ ಮುನಿಸಿನಿಂದ ಮೂವರೂ ಪೆಟ್ಟಿಗೆ ಕಟ್ಟಬೇಕಾದೀತು ಎಂಬ ಭಯ ನನ್ನದು. ಪಾತ್ರೆ ತೊಳೆಯುತ್ತ ಗ್ಲೆನ್‌ಟಾರಿ, ಗ್ಲೆನ್‌ಟಾರಿ ಎಂದು ಜಪಿಸಿದೆ. “ಇಟ್ಸ್ ಜಸ್ಟ್ ಎ ನೇಮ್, ಅಮ್ಮ” ಎಂದಳು ಮಗಳು. ಅದೇ ನನ್ನ ಕಷ್ಟ ಎಂದು ಅವಳಿಗೆ ಹೇಗೆ ಹೇಳುವುದು? ಬರಿಯ ಹೆಸರು. ಹಿಂದೆ ಮುಂದೆ ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲ.

ಕರೆತರಬೇಕಾದ ದಿನ ಬೆಳಿಗ್ಗೆ ಹೋಟೆಲಿನಿಂದ ಇಳಿದು ಬಂದವರು ಎತ್ತರದ, ಬಡಕಲು ಮೈಯ, ಎಪ್ಪತ್ತು ದಾಟಿದ ಮನುಷ್ಯ. ದಾರಿಯುದ್ದಕ್ಕೂ ಅವರನ್ನು ಕರೆಯದೆಯೇ ಮಾತಾಡಿಸುವ ಉಪಾಯ ಹುಡುಕುತ್ತ ಬಂದೆ. ಆಫೀಸಿನ ಪಾರ್ಕಿಂಗಿನಲ್ಲಿ ಕಾರು ನಿಂತಿತು. ನಾನು ಅವರ ಹೆಂಡತಿಗೆ ಬಾಗಿಲು ತೆರೆಯುವಷ್ಟರಲ್ಲಿ ಯಜಮಾನರು ಬೇವಿನ ಮರದ ಬುಡದಲ್ಲಿ ಹೆಕ್ಕುತ್ತಿದ್ದ ಯಾವುದೋ ಹಕ್ಕಿಯನ್ನು ನೋಡುತ್ತ ಆಚೆ ನಡೆದಿದ್ದರು. ಅವರ ಬೆನ್ನ ಹಿಂದೆ ನೀರಿನ ಟ್ಯಾಂಕರೊಂದು ರಿವರ್ಸಿನಲ್ಲಿ ಬರುತ್ತಿತ್ತು.

“ಗ್ಲೆನ್‌ಟಾರಿ” ಎಂದು ಕರೆದೆ. ಅವರು ತಿರುಗಲಿಲ್ಲ. ಇನ್ನೂ ಗಟ್ಟಿಯಾಗಿ ಕರೆದೆ. ಕೇಳಿಸಿದ ಲಕ್ಷಣವೇ ಇಲ್ಲ. ಟ್ಯಾಂಕರು ಅವರ ಹೆಗಲಿನ ಹತ್ತಿರ ಬಂದಿತ್ತು. ಆಮೇಲೆ ನನ್ನ ಬಾಯಿಂದ ಹೊರಟದ್ದು ತುಳು. “ಅಜ್ಜೆರೇ” ಎಂದು ಕಿರುಚಿ, ಓಡಿ, ಅವರ ಕೋಟಿನ ತೋಳು ಹಿಡಿದು ಬಲವಾಗಿ ಎಳೆದೆ. ಇಬ್ಬರೂ ಮರಕ್ಕೆ ಒರಗಿ ಬಿದ್ದೆವು. ಟ್ಯಾಂಕರು ಅವರು ನಿಂತಿದ್ದ ಜಾಗದ ಮೇಲೆ ಹಾದು ನಿಂತಿತು.

ಆಫೀಸಿನ ಬಾಗಿಲಲ್ಲಿ ಫ್ರಾನ್ಸಿಸ್ ಕಲ್ಲಾಗಿ ನಿಂತಿದ್ದರು. ನನಗೋ, ಟ್ಯಾಂಕರಿಗಿಂತ ಆ ಮುದುಕರ ಮುಖದ ಭಯ. ಕುಲದ ಮುಖ್ಯಸ್ಥರನ್ನು ಅಜ್ಜ ಎಂದಿದ್ದೆ, ಮೈಮುಟ್ಟಿ ಎಳೆದಿದ್ದೆ. ಸಾಲದ್ದಕ್ಕೆ “ಸಾರಿ ಸರ್” ಎಂದೂ ಅಂದುಬಿಟ್ಟೆ. ಖಲಾಸ್, ಎಲ್ಲ ಮುಗಿಯಿತು ಎಂದುಕೊಂಡೆ.

ಅವರು ಮೊದಲು ಮರ ಹಿಡಿದು ನೆಟ್ಟಗೆ ನಿಂತರು. ಕೋಟಿನ ಧೂಳು ಕೊಡವಿಕೊಂಡು, ಕೊನೆಗೆ ತಗ್ಗಿದ ದನಿಯಲ್ಲಿ ಅಂದರು: “ನೀವು ಸರಿಯಾಗಿಯೇ ಕರೆದಿರಿ. ನನಗೆ ಕೇಳಿಸಿತು ಕೂಡ. ನನ್ನ ತಂದೆಯನ್ನು ಕರೆಯುತ್ತಿದ್ದಾರೆ ಅಂದುಕೊಂಡೆ.”

ಉಳಿದದ್ದನ್ನು ಅವರ ಹೆಂಡತಿ ಒಳಗೆ ಚಹಾ ಕುಡಿಯುವಾಗ ಹೇಳಿದರು. ಮಾವ ತೊಂಬತ್ತು ದಾಟಿ ಬದುಕಿದ್ದು ಹೋದ ಚಳಿಗಾಲದಲ್ಲಿ ತೀರಿಕೊಂಡರಂತೆ. ಅಲ್ಲಿಯವರೆಗೆ ಗ್ಲೆನ್‌ಟಾರಿ ಎಂದರೆ ಅವರೊಬ್ಬರೇ. ಹೂಳುವ ಮೊದಲೇ ಜನ ಮಗನನ್ನು ಆ ಹೆಸರಿನಿಂದ ಕರೆಯತೊಡಗಿದರು. ಇವರಿಗೆ ಪ್ರತಿ ಸಲವೂ ಎದೆ ಧಸಕ್ಕೆನ್ನುತ್ತದೆ. ಓಗೊಟ್ಟರೆ ಅಪ್ಪ ನಿಜವಾಗಿಯೂ ಹೋದಂತೆ ಎಂಬ ಅಂಜಿಕೆ. ನಮ್ಮಲ್ಲಿ ಒಬ್ಬರು ಹೋದ ಮೇಲೆ ಅವರ ಬಟ್ಟೆ ತೊಡಲು ಕೂಡ ಸ್ವಲ್ಪ ದಿನ ಕಾಯುತ್ತೇವೆ. ಹೆಸರಿಗೆ ಅಷ್ಟು ತಾಳ್ಮೆಯಿಲ್ಲ.

ಸಂಜೆ ತುಂಬಿದ ಸಭೆಯಲ್ಲಿ ಎದ್ದು ನಿಂತೆ. ಭಯ ಹೋಗಿತ್ತೆಂದು ಹೇಳಿದರೆ ಸುಳ್ಳಾದೀತು. ಅದಕ್ಕೆ ಈಗ ಹೊಸದೊಂದು ಸೇರಿತ್ತು. ನಾನು ಕರೆದರೆ ಆ ಮನುಷ್ಯ ತನ್ನ ಅಪ್ಪನನ್ನು ಇನ್ನೊಮ್ಮೆ ಕಳೆದುಕೊಳ್ಳಬೇಕು. ಆದರೂ ಕರೆದೆ, ಮೆಲ್ಲಗೆ, ಹಿಂದೆ ಮುಂದೆ ಏನೂ ಸೇರಿಸದೆ. ಕ್ಷಣಕಾಲ ಯಾರೂ ಏಳಲಿಲ್ಲ. ಫ್ರಾನ್ಸಿಸ್ ಕರವಸ್ತ್ರದಿಂದ ಹಣೆ ಒರೆಸಿಕೊಂಡರು. ಹೆಂಡತಿ ಮೊಣಕೈ ಮುಟ್ಟಿದ ಮೇಲೆ ಯಜಮಾನರು ಎದ್ದು, ನಿಧಾನವಾಗಿ ಮೆಟ್ಟಿಲು ಹತ್ತಿ ಬಂದರು.

ನನ್ನ ಕೈಯಿಂದ ಅವರ ಕೈಗೆ ಮೈಕು ದಾಟುವಾಗ ಅದು ನಡುಗುತ್ತಿತ್ತು. ನಡುಕ ಯಾರದೆಂದು ಇಬ್ಬರಿಗೂ ತಿಳಿಯಲಿಲ್ಲ. ದೊಡ್ಡವರನ್ನು ಕರೆಯಲು ಲೋಕದಲ್ಲಿ ನೂರೆಂಟು ಕ್ರಮಗಳಿವೆ. ಭಯವನ್ನು ಮಾತ್ರ ಯಾರೂ ಕರೆಯಬೇಕಾಗಿಲ್ಲ. ತಾನಾಗಿ ಬರುತ್ತದೆ, ಬಂದು ಯಜಮಾನರ ಪಕ್ಕದಲ್ಲೂ ನನ್ನ ಪಕ್ಕದಲ್ಲೂ ಒಂದೇ ಸಲಿಗೆಯಿಂದ ಕೂರುತ್ತದೆ.