ಜೋಗೇಶ್ವರಿಯ ಬಾವಿಗೆ ಸೇರಿದ ವಿಮಾನದ ಎಣ್ಣೆ

ಜೋಗೇಶ್ವರಿಯ ಆ ಬಾವಿಗೆ ಎಣ್ಣೆ ಸೇರಿದ್ದು ಎಲ್ಲಿಂದ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಪ್ಪನ್ನು ಮಲ್ಲಪ್ಪನ ತಲೆಗೆ ಕಟ್ಟಲು ಬಿಟ್ಟೆ. ಬಿಟ್ಟೆ ಎಂದರೂ ಸುಳ್ಳೇ — ಕಟ್ಟಿದವನೇ ನಾನು.

ಎಂಬತ್ತರ ದಶಕದ ಕೊನೆಯ ಮಾತು. ವಿಮಾನಗಳಿಗೆ ಇಂಧನ ಪೂರೈಸುವ ಕಂಪನಿಯೊಂದರ ಡಿಪೋದಲ್ಲಿ ನಾನು ಇಂಜಿನಿಯರ್. ಮೈಸೂರಿನಿಂದ ಮರಾಠಿ ನಾಡಿನ ಆ ಮಹಾನಗರಕ್ಕೆ ಬಂದವನು, ಡಿಪೋದ ಹಿಂದಿನ ಬಿಲ್ಡಿಂಗಿನಲ್ಲಿ ಮನೆ. ನಮಗೆ ನಲ್ಲಿ ನೀರು, ಪಕ್ಕದ ಚಾಳಿನ ಒಂದೊಂದು ಕೋಣೆಯ ಸಂಸಾರಗಳಿಗೆ ಬಾವಿ. ಆ ಬೇಸಿಗೆಯಲ್ಲಿ ಡಿಪೋದ ನೆಲದಡಿಯ ಪೈಪೊಂದು ಸೋರುತ್ತಿರುವ ಅನುಮಾನ ಬಂತು. ಅಗೆಸಿ ನೋಡಿದೆ — ಮಣ್ಣು ತೊಯ್ದು ಕಪ್ಪಾಗಿತ್ತು, ಹಿಂಡಿದರೆ ಬೆರಳ ಸಂದಿಯಲ್ಲಿ ಎಣ್ಣೆ ಜಿನುಗುತ್ತಿತ್ತು. ವಿಮಾನದ ಎಣ್ಣೆಯೂ ಸೀಮೆಎಣ್ಣೆಯ ಜಾತಿಯದೇ, ವಾಸನೆಯೂ ಹೆಚ್ಚುಕಡಿಮೆ ಅದೇ. ಅಷ್ಟರಲ್ಲಿ ಬಾವಿಯ ನೀರು ನಾರತೊಡಗಿತ್ತು. ಚಾಳಿನ ಮಕ್ಕಳಿಗೆ ವಾಂತಿ, ಮೈತುಂಬ ಕಜ್ಜಿ.

ಯಾರ ಕೆಲಸವೆಂದು ಹುಡುಕಿದ ಚಾಳಿನವರಿಗೆ ಅಲ್ಲೇ ವಾಸವಿದ್ದ ಮಲ್ಲಪ್ಪ ಸಿಕ್ಕಿದ. ಬಿಜಾಪುರದ ಕಡೆಯವನು, ಹತ್ತಿರದ ವರ್ಕ್‌ಶಾಪಿನಲ್ಲಿ ಯಂತ್ರದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ಕೆಲಸ. ಸಂಜೆ ಬಂದು ಬಾವಿಕಟ್ಟೆಯಲ್ಲೇ ಕೈಕಾಲು ತೊಳೆಯುತ್ತಿದ್ದ. ಅಷ್ಟೇ ಸಾಕಾಯಿತು. ಒಂದು ಭಾನುವಾರ ಎಲ್ಲರೂ ಸೇರಿ ಅವನನ್ನು ಬಾವಿಯ ಪಕ್ಕ ನಿಲ್ಲಿಸಿಕೊಂಡರು. ಅವನ ಹೆಂಡತಿ ಗಂಗವ್ವ ಓಡಿ ಬಂದು ನನ್ನನ್ನು ಕರೆದೊಯ್ದಳು. ಅವಳಿಗೆ ಧೈರ್ಯ — ನಾನು ಕನ್ನಡದವನು, ಓದಿದವನು.

"ಸರ, ನೀವು ಇಮಾನದ ಎಣ್ಣಿ ಕೆಲಸಾ ಮಾಡಾವ್ರು. ನೀವಾ ಹೇಳ್ರಿ ಇವರಿಗೆ," ಎಂದಳು. "ಕೈ ತೊಳದ್ರ ಇಡೀ ಬಾವಿ ಕೆಡತೈತೇನ್ರಿ?"

ಎಲ್ಲರೂ ನನ್ನ ಮುಖ ನೋಡಿದರು. ಕೆಡುವುದಿಲ್ಲ ಎಂದು ಗೊತ್ತಿತ್ತು. ಪೈಪು ಗೊತ್ತಿತ್ತು, ಮಣ್ಣು ಗೊತ್ತಿತ್ತು —

"ಕೆಡಬಹುದು," ಎಂದೆ.

ಗಂಗವ್ವ ಮತ್ತೆ ನನ್ನತ್ತ ನೋಡಲಿಲ್ಲ. ಆ ವಾರವೇ ಅವರ ಪಾತ್ರೆಪಡಗ ಗಲ್ಲಿಗೆ ಬಿತ್ತು. ವರ್ಕ್‌ಶಾಪಿನವನೂ ಮಲ್ಲಪ್ಪನನ್ನು ಕೆಲಸದಿಂದ ಬಿಡಿಸಿದ. ಮಗುವನ್ನು ಎತ್ತಿಕೊಂಡು ಗೋರೆಗಾಂವ್ ಕಡೆ ಹೋದರೆಂದು ಯಾರೋ ಹೇಳಿದರು. ನಾವು ಪೈಪನ್ನು ಸದ್ದಿಲ್ಲದೆ ಬದಲಿಸಿದೆವು. ಬಾವಿಯನ್ನು ಮುಚ್ಚಿದರು.

ಬಾಯಿ ಮುಚ್ಚಿಕೊಂಡಿರು ಎಂದು ನನಗೆ ಯಾರೂ ಹೇಳಿರಲಿಲ್ಲ. ಯಾರೂ ಹೆದರಿಸಿರಲಿಲ್ಲ. ನಿಜ ಹೇಳಿದ್ದರೆ ಕೆಲಸ ಹೋಗುತ್ತಿತ್ತೇ — ಅದನ್ನೂ ಪರೀಕ್ಷಿಸಿ ನೋಡಲಿಲ್ಲ.

ವಿಮಾನದ ಹೊಗೆಯಿಂದ ಆಕಾಶ ಕೆಡುತ್ತಿದೆ ಎಂದು ಈಗ ಎಲ್ಲರೂ ಮಾತಾಡುತ್ತಾರೆ. ಆಕಾಶದ ಸಂಗತಿ ನಾನರಿಯೆ. ನಾನು ಕಂಡದ್ದು ನೆಲ — ಎಂದೂ ವಿಮಾನ ಹತ್ತದವರು ಕುಡಿದ ನೀರು. ಇದನ್ನು ಬರೆಯಬೇಡ, ಕಂಪನಿಯ ಮರ್ಯಾದೆ ಹೋಗುತ್ತದೆ ಎನ್ನುತ್ತಾರೆ ಹಳೆಯ ಸಹೋದ್ಯೋಗಿಗಳು. ಹೋಗಲಿ. ನನ್ನದೂ ಹೋಗಲಿ. ಬರೆಯುತ್ತೇನೆ.

ಗಂಗವ್ವನನ್ನು ಹುಡುಕಿದೆ, ಸಿಗಲಿಲ್ಲ. ಹೋದ ತಿಂಗಳು ಚಾಳಿಗೇ ಹೋದೆ. ಅಂದು ಮುಂದೆ ನಿಂತು ಅವರ ಸಾಮಾನು ಹೊರಗೆ ಹಾಕಿಸಿದ ಮಂಗಳೂರಿನ ಶೇಖರಣ್ಣ ಈಗ ಮುದುಕರು, ಬಾಗಿಲಲ್ಲೇ ಕೂತಿದ್ದರು. ಮಲ್ಲಪ್ಪನಲ್ಲ, ನಮ್ಮ ಪೈಪು, ನನಗೆ ಅಂದೇ ಗೊತ್ತಿತ್ತು ಎಂದೆ. ಅವರು ಕೂತಲ್ಲಿಂದಲೇ ಕೇಳಿದರು:

"ಈಗ ಹೇಳಿ ಎಂತ ಫಾಯ್ದೆ ಮಾರಾಯ್ರೆ?"

ಫಾಯ್ದೆ ಇಲ್ಲ. ಆದರೆ ಆ ಚಾಳಿನಲ್ಲಿ ಮಲ್ಲಪ್ಪ ಇವತ್ತಿಗೂ ಬಾವಿ ಕೆಡಿಸಿದವನು. ಉಳಿದ ಬಾಗಿಲುಗಳನ್ನೂ ತಟ್ಟುತ್ತೇನೆ. ಒಳಗೆ ಕರೆಯದಿದ್ದರೆ ಪ್ಯಾಸೇಜಿನಲ್ಲೇ ನಿಂತು, ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ.