ಪಿಯಾನೋ ಸದ್ದು ನಿಂತ ಹೊತ್ತು

ಎರಡು ವರ್ಷದ ಹಿಂದೆ, ಕಾರ್ತೀಕದ ಒಂದು ಶನಿವಾರ, ಮಧ್ಯಾಹ್ನ ಒಂದು ಗಂಟೆ. ರಾಮನಗರದ ಹೊರವಲಯದ ಒಂದು ಕಲಾ ಸಂಗ್ರಹಾಲಯ. ನನ್ನ ಜೊತೆಗಿದ್ದವಳು ನಾದಿನಿ ಜಯಮ್ಮ; ಉಳಿದವರು ಗುರುತಿಲ್ಲದ ಜನ. ಇದನ್ನು ಮೊದಲೇ ಹೇಳುತ್ತೇನೆ. ಏಕೆಂದರೆ ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ, ‘ಯಾವಾಗ, ಎಲ್ಲಿ, ಯಾರಿದ್ದರು?’ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದವಳು ನಾನು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದಾಗ, ದೆವ್ವ ಕಂಡೆವೆಂದ ಹುಡುಗಿಯರಿಗೆ ಮುಖ ತೊಳೆದು ಬನ್ನಿ ಎನ್ನುತ್ತಿದ್ದೆ.

ನಿವೃತ್ತಿಯ ಮೇಲೆ ಊರಿನಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೇವೆ. ಹುಳದ ಮನೆಯನ್ನೂ ವಾರ್ಡಿನಂತೆಯೇ ನಡೆಸುತ್ತೇನೆ. ಕೈಕಾಲು ತೊಳೆಯದೆ ಯಾರೂ ಒಳಗೆ ಬರುವಂತಿಲ್ಲ, ಫೋನ್ ತರುವಂತಿಲ್ಲ. ಆ ಸಲದ್ದು ಸೊಸೆ ಸವಿತ ತಾನೇ ನಿಂತು ಸಾಕಿದ ಬೆಳೆ. ಹಿಂದಿನದು ರೋಗಕ್ಕೆ ಹೋಗಿತ್ತು. ಇದೂ ಹೋದರೆ ಹುಳದ ಮನೆಗೆ ಬೀಗ ಎಂದು ಮಗ ಹೇಳಿಬಿಟ್ಟಿದ್ದ. ಗೂಡು ಕಟ್ಟಲು ಇನ್ನು ಮೂರು ದಿನವಿತ್ತು.

“ಬಿಟ್ಟಿ ಸಂಗೀತ, ಬಾರತ್ತಿಗೆ. ನಿನ್ ಹುಳ ಏನು ನಿನ್ ಮಕ ನೋಡ್ಕಂಡು ಸೊಪ್ಪು ತಿಂತವಾ?” ಎಂದು ಜಯಮ್ಮ ಎಳೆದುಕೊಂಡು ಹೋಗಿದ್ದಳು.

ಸಂಗ್ರಹಾಲಯದ ಸಭಾಂಗಣದಲ್ಲಿ ಒಬ್ಬ ಯುವತಿ ಪಿಯಾನೋ ನುಡಿಸುತ್ತಿದ್ದಳು. ಎರಡನೆಯದು ಬಹಳ ಮೆಲುದನಿಯ, ವೇಗದ ರಚನೆ. “ಹುಳ ಮೇಯೋ ಸದ್ದಿದ್ದಂಗೈತೆ ಕಣೆ,” ಎಂದಳು ಜಯಮ್ಮ. ನಿಜವಾಗಿಯೂ ಹಾಗೆಯೇ ಇತ್ತು.

ಇದ್ದಕ್ಕಿದ್ದಂತೆ ಆ ಸದ್ದು ನಿಂತಿತು. ಆದರೆ ಅವಳ ಬೆರಳುಗಳು ಓಡುತ್ತಲೇ ಇದ್ದವು. ಮುಂದೆ ಕೂತವರು ತಲೆದೂಗುತ್ತಿದ್ದರು. ಯಾರೋ ಕೆಮ್ಮಿದ್ದು, ಜಯಮ್ಮನ ಬಳೆ, ಫ್ಯಾನು, ಎಲ್ಲ ನನಗೆ ಕೇಳುತ್ತಿತ್ತು. ಪಿಯಾನೋ ಮಾತ್ರ ಇಲ್ಲ.

“ಯಾಕೆ ನಿಲ್ಲಿಸಿದಳು?”

“ಎಲ್ಲಿ ನಿಲ್ಲಿಸವ್ಳೆ? ಬಾರಿಸ್ತಾವ್ಳಲ್ಲ! ನಿದ್ದೆ ಬತ್ತಾ?”

ಮೇಯುತ್ತಿರುವ ಹುಳದ ಮನೆ ಹಾಗೆ ಒಮ್ಮೆಲೇ ಮೌನವಾದರೆ ಅದು ಒಳ್ಳೆಯದಕ್ಕಲ್ಲ. ಎದ್ದು ಹೊರಗೆ ಬಂದು ಸವಿತಳಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಆಟೋ ಹತ್ತಿದೆವು. ಮನೆಗೆ ಅರ್ಧ ಗಂಟೆ ದಾರಿ.

ಸವಿತ ನಗುತ್ತಲೇ ಎದುರಾದಳು. “ಅತ್ತೆ, ಹುಳ ಆಗ್ಲೇ ಹಣ್ಣಾಗ್ಬುಟ್ಟವೆ! ಮೇಯಾದ್ ಬುಟ್ಟು ಗೂಡು ಕಟ್ಟಾಕೆ ತಲೆ ಎತ್ತವೆ!” ಗೂಡು ಕಟ್ಟುವ ಹುಳುಗಳನ್ನು ಬಿಡಲು ಬಿದಿರಿನ ಚಂದ್ರಿಕೆಗಳನ್ನು ಇಳಿಸಿಟ್ಟಿದ್ದಳು. ನಾನು ಒಳಗೆ ನೋಡಿದೆ. ಮೊದಲ ಸ್ಟ್ಯಾಂಡಿನ ಹುಳುಗಳು ತಲೆ ಎತ್ತಿದ್ದವು ನಿಜ, ಆದರೆ ಒದ್ದಾಡುತ್ತಿದ್ದವು; ಬಾಯಿಂದ ಹಸಿರು ನೀರು. ಸೊಪ್ಪು ಮೂಸಿದೆ. ಔಷಧಿ ವಾಸನೆ. ಪಕ್ಕದ ಟೊಮೆಟೊ ಹೊಲಕ್ಕೆ ಹೊಡೆದದ್ದು ನಮ್ಮ ಹಿಪ್ಪುನೇರಳೆ ತೋಟದ ಅಂಚಿನ ಸಾಲಿಗೂ ಬಿದ್ದಿತ್ತು. ಅದೇ ಸೊಪ್ಪಿನ ಉಳಿದ ಹೊರೆ, ಇನ್ನೂ ಮೇವು ಹಾಕದ ಸ್ಟ್ಯಾಂಡುಗಳಿಗೆಂದು ಬಾಗಿಲಲ್ಲಿ ಕಾದಿತ್ತು.

“ಯಾವಾಗ ನಿಂತಿತು ಸದ್ದು?”

ಅವಳ ನಗು ಅಷ್ಟರಲ್ಲಿ ಹೋಗಿತ್ತು. “ಅರ್ಧ ಗಂಟೆ ಆಯ್ತೇನೋ ಅತ್ತೆ. ಒಂದೇ ಸಲಕ್ಕೆ ಗಪ್ಪಾಗೋಯ್ತು.”

ಆಮೇಲೆ ಕಿವಿ ಪರೀಕ್ಷೆ ಮಾಡಿಸಿದೆ. ದೋಷವಿಲ್ಲ. ಹುಳು ಮೇಯುವ ಸದ್ದು ಪಕ್ಕದ ಮನೆಗೂ ಕೇಳುವುದಿಲ್ಲ. ಅದು ನಿಂತದ್ದು ರಾಮನಗರದವರೆಗೆ ಹೇಗೆ ಬಂತು? ಜಯಮ್ಮ ಈಗಲೂ ನನ್ನನ್ನು ಒಂಥರಾ ನೋಡುತ್ತಾಳೆ.

ಅಂದು ಸಂಜೆ ಸತ್ತ ಹುಳುಗಳನ್ನು ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದೆವು. ಬೇರೆ ತೋಟದಿಂದ ಸೊಪ್ಪು ತಂದು ಸವಿತಳ ಕೈಯಿಂದಲೇ ಹಾಕಿಸಿದೆ. ಉಳಿದ ಸ್ಟ್ಯಾಂಡುಗಳಲ್ಲಿ ಒಂದೊಂದಾಗಿ ಸದ್ದು ಏಳುವವರೆಗೂ ಇಬ್ಬರೂ ನಿಂತೇ ಇದ್ದೆವು. ಆಮೇಲೆ ಬಾಗಿಲು ಹಾಕಿದೆ.