ಕೈ ಚಾಚುವ ಮೊದಲು

ಶನಿವಾರ ಮಧ್ಯಾಹ್ನ ದೊಡ್ಡವ್ವ ಎರಡೂ ಕೈಯ ಉಗುರುಗಳನ್ನು ಬುಡದವರೆಗೆ ಕತ್ತರಿಸಿಕೊಂಡು, ಬಳೆ ತೆಗೆದಿಟ್ಟು, ಮೊಣಕೈವರೆಗೆ ತೊಳೆದುಕೊಳ್ಳುತ್ತಿದ್ದರು. ಬಳೆಯಿದ್ದ ಜಾಗದಲ್ಲಿ ಚರ್ಮ ಬಿಳುಪಾಗಿ, ಬೇರೆ ಯಾರದೋ ಕೈಯಂತೆ ಕಾಣುತ್ತಿತ್ತು. ತಿಂಗಳಿಗೊಮ್ಮೆ, ಮರುದಿನ ಚರ್ಚಿನಲ್ಲಿ ಎಲ್ಲರಿಗೂ ಹಂಚುವ ಕರ್ತನ ಭೋಜನಕ್ಕೆ ರೊಟ್ಟಿ ಮಾಡುವ ಮೊದಲಿನ ಸಿದ್ಧತೆ ಇದು.

ಬೀದರ್ ಕಡೆಯಿಂದ ನಾಸಿಕಕ್ಕೆ ಬಂದ ನಲವತ್ತು ಜನರ ಕನ್ನಡ ಸಭೆ ನಮ್ಮದು. ಮರಾಠಿ ಚರ್ಚಿನಲ್ಲಿ ಅವರ ಆರಾಧನೆ ಮುಗಿದ ಮೇಲೆ ಮಧ್ಯಾಹ್ನ ನಾವು ಸೇರುತ್ತೇವೆ. ಅಲ್ಲಿ ಎಲ್ಲರೂ ಅವರನ್ನು ದೊಡ್ಡವ್ವ ಎನ್ನುತ್ತಿದ್ದರು. ನನಗೆ ರಕ್ತಸಂಬಂಧವೇನಿಲ್ಲ. ಅವರ ಕೈ ನಡುಗಲು ಶುರುವಾದಾಗ ಅಮ್ಮ ನನ್ನನ್ನು ಸಹಾಯಕ್ಕೆ ಕಳಿಸಿದಳು.

ಗೋಧಿ ಹಿಟ್ಟು, ನೀರು, ಅಷ್ಟೆ. ಉಪ್ಪಿಲ್ಲ. ಅದಕ್ಕೆಂದೇ ಒಂದು ತವೆ, ಉಳಿದ ದಿನ ಬಟ್ಟೆಯಲ್ಲಿ ಸುತ್ತಿಟ್ಟಿರುತ್ತಿತ್ತು. ರೊಟ್ಟಿ ಬೇಯುವಾಗ ಮಾತಿಲ್ಲ. ಮೊದಲ ಸಲ ನಾನು ಬಿಸಿ ರೊಟ್ಟಿಯನ್ನು ಬಾಯಿಂದ ಊದಿಬಿಟ್ಟೆ. ದೊಡ್ಡವ್ವ ಅದನ್ನು ತಟ್ಟೆಗೆ ಹಾಕಿ, ಬೆಲ್ಲವಿಟ್ಟು ನನ್ನ ಮುಂದೆ ತಳ್ಳಿದರು.

"ಇದು ನಿಂದು, ತಿನ್ನು. ಊದಿದ್ದು ದೇವರ ಮುಂದ ಇಡಲಾಕ ಬರಂಗಿಲ್ಲ. ಬಿಸಿ ಇದ್ರ ತಾನೇ ಆರತದ. ಯಾವ ರೈಲು ತಪ್ಪಲಾಕತ್ತದ ನಿಂದು?"

ಮತ್ತೆ ಹಿಟ್ಟು ಕಲಸಿದರು.

ಭಾನುವಾರ ಎಲ್ಲರಿಗಿಂತ ಅರ್ಧ ಗಂಟೆ ಮೊದಲು ಬಂದು, ಚಪ್ಪಲಿ ಹೊರಗೆ ಬಿಟ್ಟು, ತಲೆಯ ಮೇಲೆ ಸೆರಗು ಹೊದ್ದು ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, "ದೊಡ್ಡವರ ಮನಿಗಿ ದಡದಡ ನುಗ್ತೀವೇನ?" ಎಂದಿದ್ದರು.

ಅವರು ರೊಟ್ಟಿ ತೆಗೆದುಕೊಳ್ಳುವುದಿಲ್ಲ ಎಂದು ನನಗೆ ತಿಳಿಯಲು ನಾಲ್ಕು ತಿಂಗಳು ಬೇಕಾಯಿತು. ಎಲ್ಲರೂ ಮುಂದೆ ಹೋಗಿ ಮೊಣಕಾಲೂರಿ ಏಳುವವರೆಗೂ ಅವರು ಕೊನೆಯ ಬೆಂಚಿನಲ್ಲಿ ತಲೆ ಬಗ್ಗಿಸಿ ಕೂತಿರುತ್ತಿದ್ದರು. ಮಾಡಿದವರೇ ಮೊದಲು ತೆಗೆದುಕೊಂಡಿರಬೇಕೆಂದು ಸಭೆಯವರು ತಿಳಿದಿದ್ದರು.

"ದೊಡ್ಡವ್ವ, ನೀವ್ಯಾಕ ತಗೋಳಂಗಿಲ್ಲರಿ? ಪಾಸ್ಟರು ಎಲ್ಲರನ್ನೂ ಕರೀತಾರಲ್ಲ?"

"ಕರದ್ರಂತ ಹ್ಯಾಂಗ ಬೇಕಾದಂಗ ಹೋಗಲಾಕ ಅದೇನು ಬಸ್ ಸ್ಟ್ಯಾಂಡಿನ ಹೋಟೆಲ್ಲೇನ?"

ತವೆ ಒರೆಸಿ, ಬಟ್ಟೆ ಸುತ್ತಿದ ಮೇಲೆ ಉಳಿದದ್ದನ್ನು ಹೇಳಿದರು. ಒಂಬತ್ತು ವರ್ಷದ ಹಿಂದೆ ಬೀದರಿನಲ್ಲಿ ಅವರ ತಾಯಿ ತೀರಿಕೊಂಡಾಗ, ಸಂಭಾಜಿನಗರದಲ್ಲಿದ್ದ ತಂಗಿ ತಲುಪುವುದು ತಡವಾಯಿತು. ಕಾಯಿಲೆಯಲ್ಲಿ ಒಮ್ಮೆಯೂ ಬಾರದವಳು ಎಂಬ ಸಿಟ್ಟು. ತಂಗಿ ಗೇಟಿನೊಳಗೆ ಬರುತ್ತಿರುವುದನ್ನು ನೋಡಿಯೂ, ತಾಯಿಯ ಶವಪೆಟ್ಟಿಗೆ ಮುಚ್ಚಿ ಮೊಳೆ ಹೊಡೆಯಿರೆಂದು ದೊಡ್ಡವ್ವ ಹೇಳಿದರು. ಅಲ್ಲಿದ್ದವರು ಹೊಡೆದರು.

"ಆಕಿಗಿ ಅವ್ವನ ಮಾರಿ ನೋಡೂದು ತಪ್ಪಿಸೀನಿ. ಇದೇ ಕೈಲೆ ಹಿಟ್ಟು ಕಲಸ್ತೀನಿ, ಅದು ಚಾಕರಿ. ಚಾಚಲಾಕ ಆಗಂಗಿಲ್ಲ."

ಮರುವರ್ಷ ನನಗೆ ಸಂಭಾಜಿನಗರದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಹೊರಡುವ ದಿನ ದೊಡ್ಡವ್ವ ಕೈಚೀಲ ಹಿಡಿದು ಬಸ್ ನಿಲ್ದಾಣಕ್ಕೆ ಬಂದಿದ್ದರು. ನನ್ನ ಜೊತೆಗೇ ಬಸ್ ಹತ್ತಿ, ಇಳಿದ ಮೇಲೆ ನೇರ ತಂಗಿಯ ಮನೆಯ ಕಡೆ ನಡೆದರು. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತರು.

ಬಾಗಿಲು ತೆರೆದ ತಂಗಿ ಮೇಲಿಂದ ಕೆಳಗೆ ನೋಡಿದರು. "ಯಾಕಕ್ಕಾ, ಈಗ ನನ್ನ ಪೆಟ್ಟಿಗಿ ಮುಚ್ಚಲಾಕ ಬಂದ್ಯಾ?"

"ತಪ್ಪು ಮಾಡೀನಿ ಅಂತ ಹೇಳಲಾಕ ಬಂದೀನಿ. ಒಳಗ ಕರೀಬೇಕಂತೇನಿಲ್ಲ."

ತಂಗಿ ಒಳಗೆ ಹೋದರು. ಬಾಗಿಲು ತೆರೆದೇ ಇತ್ತು. ಬಿಸಿಲಿನಲ್ಲಿ ನಾವಿಬ್ಬರೂ ಎಷ್ಟು ಹೊತ್ತು ನಿಂತೆವೋ ತಿಳಿಯದು. ಕೊನೆಗೆ ಒಳಗಿನಿಂದ ದನಿ ಬಂತು: "ಹೊರಗ ನಿಂತು ಬಿದ್ದಗಿದ್ದಿ, ಬಾಜೂಮನಿ ಶೇಜಾರಿ ಮಂದಿ ನನಗೇ ಅಂತಾರ. ಬಾ."

ನೀರು ಕೊಟ್ಟರು. ಆಮೇಲೆ ಕೇಳಿದರು: "ಅವ್ವನ ಮಾರಿ ಹ್ಯಾಂಗಿತ್ತು?"

ನಾನು ಎದ್ದು ಹೊರಗಿನ ಮೆಟ್ಟಿಲ ಮೇಲೆ ಕೂತೆ. ಆದರೂ ಕೇಳುತ್ತಿತ್ತು. ಉಡಿಸಿದ ಸೀರೆಯ ಅಂಚಿನ ಬಣ್ಣ, ಎಡಗಡೆ ಕಿವಿಯ ಹತ್ತಿರ ಬಾಚಿದರೂ ಕೂಡದೆ ಉಳಿದ ಕೂದಲು, ಸ್ವಲ್ಪ ತೆರೆದೇ ಇದ್ದ ತುಟಿ, ಒಂದನ್ನೂ ಬಿಡದೆ ದೊಡ್ಡವ್ವ ಹೇಳುತ್ತಿದ್ದರು. ತಂಗಿ ನಡುನಡುವೆ "ಮತ್ತ?" ಎನ್ನುತ್ತಿದ್ದರು.

ಮುಂದಿನ ತಿಂಗಳ ಮೊದಲ ಭಾನುವಾರ, ಕರ್ತನ ಭೋಜನಕ್ಕೆ, ನಾಸಿಕಕ್ಕೆ ಬಂದಿದ್ದೆ. ಎಲ್ಲರಿಗಿಂತ ಕೊನೆಗೆ ದೊಡ್ಡವ್ವ ಎದ್ದು ಮುಂದೆ ಹೋದರು. ಮೊಣಕಾಲೂರಲು ಬಹಳ ಹೊತ್ತಾಯಿತು, ಪಾಸ್ಟರು ಕಾದರು. ಎಡಗೈ ಮೇಲೆ ಬಲಗೈಯಿಟ್ಟು ಚಾಚಿದರು.

ಎರಡು ವರ್ಷದ ನಂತರ, ಒಂದು ಗುರುವಾರ ಅವರನ್ನು ಮಣ್ಣು ಮಾಡಿದೆವು. ಸ್ಮಶಾನದಿಂದ ಹಿಂದಿರುಗುವಾಗ ಪಾಸ್ಟರು, "ಈ ಭಾನುವಾರದಿಂದ ರೊಟ್ಟಿ ನೀನೇ ಮಾಡಮ್ಮ, ನಿನಗೆ ಮಾತ್ರ ಗೊತ್ತಿರುವುದು" ಎಂದರು. ಶನಿವಾರದವರೆಗೆ ಸಮಯ ಕೊಡಿ ಎಂದೆ.

ಲಾಸಲಗಾಂವಿನಲ್ಲಿರುವ ನನ್ನ ಅಣ್ಣನ ಜೊತೆ ನಾನು ಮೂರು ವರ್ಷದಿಂದ ಮಾತು ಬಿಟ್ಟಿದ್ದೆ. ಕಾರಣ ಇಲ್ಲಿ ಬೇಡ, ತಪ್ಪು ನನ್ನದು. ಮರುದಿನ ಬೆಳಿಗ್ಗೆ ಆರೂವರೆಯ ಲಾಸಲಗಾಂವ ಬಸ್ಸಿಗೆ ಹೊರಟೆ.